ಹಸಿರು ಪೆಟ್ಟಿಗೆಯ ನಾದ ಎಲ್ಲಿದೆ?

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬಳಿ ಸಾಲಾಗಿ ಜೋಡಿಸಿಟ್ಟ ಪುಟ್ಟ ಲೋಹದ ಪೆಟ್ಟಿಗೆಗಳನ್ನು ನೀವು ನೋಡಿರಬಹುದು. ನುಡಿಸುತ್ತಿರುವಾಗಲೇ ಅವುಗಳಲ್ಲೊಂದನ್ನು ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ಥಟ್ಟನೆ ಬದಲಾಗುತ್ತದೆ. ಇವೇ ಎಫೆಕ್ಟ್ ಪೆಡಲ್‌ಗಳು. ಇವುಗಳಲ್ಲಿ ಬಹು ಪ್ರಸಿದ್ಧವಾದುದು ಹಸಿರು ಬಣ್ಣದ 'ಟ್ಯೂಬ್ ಸ್ಕ್ರೀಮರ್'. ಜಪಾನಿನ ಸುಸುಮು ತಮುರಾ ರೂಪಿಸಿದ ಈ ಪೆಡಲ್ ಇಬಾನೆಜ್ ಹೆಸರಿನಲ್ಲಿ 1970ರ ದಶಕದ ಕೊನೆಯಲ್ಲಿ ಮಾರಾಟಕ್ಕೆ ಬಂತು. ಹೆಸರು ಮಾಡಿದ ಮೊದಲ ಮಾದರಿ ಟಿಎಸ್-808. ಅನಂತರ 1982ರಲ್ಲಿ ಬಂದದ್ದು ಟಿಎಸ್-9.

ಹಳೆಯ ಟಿಎಸ್-808ಕ್ಕೆ ಇಂದು ಹೊಸ ಪೆಡಲಿಗಿಂತ ಹಲವು ಪಟ್ಟು ಬೆಲೆ. ಏಕೆಂದು ಕೇಳಿದರೆ ಗಿಟಾರ್ ವಾದಕರಲ್ಲಿ ಅನೇಕರು ಕೊಡುವ ಉತ್ತರ ಒಂದೇ: 'ಅದರೊಳಗಿನ ಜೆಆರ್‌ಸಿ 4558 ಎಂಬ ಚಿಪ್. ಆ ನಾದ ಅದರಲ್ಲಿದೆ. ಬೇರೆ ಚಿಪ್ ಹಾಕಿದರೆ ಅದು ಬಾರದು.' ತಮಾಷೆಯೆಂದರೆ, 4558 ಅಪರೂಪದ ವಸ್ತುವೇನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಅಗ್ಗದ ಬಾಸ್-ಟ್ರೆಬಲ್ ಬೋರ್ಡುಗಳಲ್ಲಿ ಅದೇ ಸಂಖ್ಯೆಯ ಚಿಪ್ ಕುಳಿತಿರುತ್ತದೆ.

ನಿಮ್ಮ ಕಾಲೇಜಿನಲ್ಲಿ ಗಿಟಾರ್ ಕಲಿಯುತ್ತಿರುವ ವಿದ್ಯಾರ್ಥಿಯೊಬ್ಬ ಇದ್ದಾನೆ ಎನ್ನಿ. ತಿಂಗಳುಗಟ್ಟಲೆ ಕೂಡಿಟ್ಟ ಹಣದೊಂದಿಗೆ ಅವನು ಭೌತಶಾಸ್ತ್ರದ ಅಧ್ಯಾಪಕರಾದ ನಿಮ್ಮ ಬಳಿ ಬಂದು, 'ಸಾರ್, ಈ ಮಾತು ನಿಜವೆ?' ಎಂದು ಕೇಳುತ್ತಾನೆ. ನೀವು ಏನು ಹೇಳುವಿರಿ? 'ಎಲ್ಲವೂ ಮೂಢನಂಬಿಕೆ' ಎಂದುಬಿಡುವುದು ಸುಲಭ. ಆದರೆ ಪರೀಕ್ಷಿಸದೆ ತಳ್ಳಿಹಾಕುವುದಕ್ಕೂ ಪರೀಕ್ಷಿಸದೆ ನಂಬುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದ್ದರಿಂದ ಈ ಪೆಡಲನ್ನು ಬಿಚ್ಚಿ, ಅದರ ಗುಣ-ದೋಷಗಳನ್ನು ಒಂದೊಂದಾಗಿ ತೂಗಿ ನೋಡೋಣ.

ನಾದ ಹೊರಡುವ ದಾರಿ

ಮೊದಲಿಗೆ ಇಡೀ ಸರಪಳಿಯನ್ನು ಗಮನಿಸಿ. ಗಿಟಾರಿನ ಉಕ್ಕಿನ ತಂತಿಯ ಕೆಳಗೆ ಕಾಂತವೂ ಅದರ ಸುತ್ತ ಸಾವಿರಾರು ಸುತ್ತಿನ ತಾಮ್ರದ ಸುರುಳಿಯೂ ಇರುತ್ತವೆ. ಇದೇ ಪಿಕಪ್. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಬದಲಾಗಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಹೀಗೆ ಹುಟ್ಟುವ ವೋಲ್ಟೇಜ್ ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸಿನದು.

ಪಿಕಪ್ಪಿನ ಸುರುಳಿಗೆ ಪ್ರೇರಕತ್ವವಿದೆ. ಅದು ಸುಮಾರು 2.5 ಹೆನ್ರಿ ಎನ್ನೋಣ. ಪಿಕಪ್ಪಿನಿಂದ ಹೊರಡುವ ಕೇಬಲ್‌ಗೆ ಧಾರಕತೆಯಿದೆ. ಒಂದು ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಪ್ರೇರಕವೂ ಧಾರಕವೂ ಸೇರಿದರೆ ಅನುರಣನ ಆಗಲೇಬೇಕಷ್ಟೆ. ಸುರುಳಿಯ ಸ್ವಂತ ಧಾರಕತೆ 100 ಪಿಕೋಫ್ಯಾರಡ್ ಎಂದು ಹಿಡಿದು ಲೆಕ್ಕ ಮಾಡಿದರೆ, 5 ಮೀಟರ್ ಕೇಬಲ್ ಇದ್ದಾಗ ಅನುರಣನ ಆವೃತ್ತಿ ಸುಮಾರು 4,100 ಹರ್ಟ್ಸ್. ಕೇಬಲ್ 10 ಮೀಟರ್ ಆದರೆ ಅದು ಸುಮಾರು 3,000 ಹರ್ಟ್ಸ್‌ಗೆ ಇಳಿಯುತ್ತದೆ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವ ಆವೃತ್ತಿಗಳು ಇವೇ. ಎಂದರೆ ಉದ್ದದ ಕೇಬಲ್ ದನಿಯನ್ನು ಮಂಕಾಗಿಸುತ್ತದೆ ಎಂಬ ವಾದಕರ ಮಾತು ನಿಜ. ಆದರೆ ಅದಕ್ಕೆ ಕಾರಣ ಧಾರಕತೆಯೇ ಹೊರತು ತುದಿಗೆ ಹಚ್ಚಿದ ಚಿನ್ನದ ಲೇಪವಲ್ಲ.

ಸರಪಳಿಯ ಕೊನೆಯಲ್ಲಿ ಧ್ವನಿವರ್ಧಕವಿದೆ. ಗಿಟಾರಿಗೆ ಬಳಸುವ 12 ಅಂಗುಲದ ಸ್ಪೀಕರುಗಳು ಸುಮಾರು 5,000 ಹರ್ಟ್ಸ್‌ನಿಂದಾಚೆಗೆ ಬೇಗ ಸೋಲುತ್ತವೆ. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತವೆ.

ಕೆಟ್ಟ ದನಿಯೇ ಬೇಕಾದಾಗ

ವರ್ಧಕವೊಂದು ಒಳಬಂದ ತರಂಗವನ್ನು ಆಕಾರ ಕೆಡದಂತೆ ದೊಡ್ಡದು ಮಾಡಬೇಕು; ಇದು ಪಠ್ಯಪುಸ್ತಕದ ಮಾತು. ಗಿಟಾರ್ ವಾದಕರು ಇದಕ್ಕೆ ತಿರುಗಿ ನಿಂತರು. ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡನ್ನು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮುದ್ರಿಸುವಾಗ ಧ್ವನಿಮಿಶ್ರಣ ಯಂತ್ರದ ಒಂದು ಭಾಗ ಕೆಟ್ಟಿತ್ತು. ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರ್ ಗರಗರನೆ ಒಡಕಾಗಿ ಕೇಳಿತು. ಹಾಡು 1961ರಲ್ಲಿ ಆ ದನಿಯೊಂದಿಗೇ ಬಿಡುಗಡೆಯಾಗಿ ಜನಪ್ರಿಯವಾಯಿತು. ಧ್ವನಿಮುದ್ರಣ ಮಾಡಿದ್ದ ಗ್ಲೆನ್ ಸ್ನಾಡಿ ಅದೇ ಒಡಕನ್ನು ಬೇಕೆಂದಾಗ ಪಡೆಯುವ ಟ್ರಾನ್ಸಿಸ್ಟರ್ ಮಂಡಲವನ್ನು ರೂಪಿಸಲು ನೆರವಾದರು. 1962ರಲ್ಲಿ ಅದು ಮೇಸ್ಟ್ರೋ ಫಝ್-ಟೋನ್ ಎಂಬ ಪೆಡಲ್ ಆಗಿ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಈ ದನಿ ಲೋಕಕ್ಕೆಲ್ಲ ಪರಿಚಯವಾಯಿತು.

ಒಡಕು ದನಿ ಹಿತವಾಗಲು ಕಾರಣವೇನು? ತರಂಗದ ತಲೆಯನ್ನು ಕತ್ತರಿಸಿದರೆ ಮೂಲಸ್ವರದ ಜೊತೆಗೆ ಅದರ ಪೂರ್ಣಾಂಕ ಗುಣಕಗಳಾದ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ. ಮೇಲಿನ ಮತ್ತು ಕೆಳಗಿನ ತುದಿಗಳನ್ನು ಸಮನಾಗಿ ಕತ್ತರಿಸಿದರೆ 3, 5, 7 ಹೀಗೆ ಬೆಸ ಸಂಖ್ಯೆಯವು ಮಾತ್ರ. ಅಸಮನಾಗಿ ಕತ್ತರಿಸಿದರೆ 2, 4, 6 ಸಹ ಸೇರುತ್ತವೆ. ಉಪಸ್ವರಗಳು ಹೆಚ್ಚಿದಂತೆ ನಾದ ತುಂಬಿಕೊಳ್ಳುತ್ತದೆ. ನಮಗೆ ಇದು ತೀರ ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲನ್ನು ಸರಿಸಿ ಜೀವಾಳಿ ಕೂಡಿಸುವುದನ್ನು ನೀವು ಕಂಡಿರಬಹುದು. ಅಗಲವಾದ ಕುದುರೆಯನ್ನು ಸವರುತ್ತ ಕಂಪಿಸುವ ತಂತಿ, ಎಲ್ಲಿ ಮೀಟಿದರೂ ಉಪಸ್ವರಗಳನ್ನು ಧಾರಾಳವಾಗಿ ಕೊಡುತ್ತದೆಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಅಲ್ಲಿ ಕೆಲಸ ಮಾಡುವುದು ಮರ ಮತ್ತು ನೂಲು, ಇಲ್ಲಿ ಡಯೋಡು.

ಆದರೆ ಒಂದು ಎಚ್ಚರಿಕೆಯಿದೆ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿ ತಲೆ ಕತ್ತರಿಸಿದರೆ ಎರಡೂ ಬೆರೆತು ಹೊಸ ಆವೃತ್ತಿಗಳು ಹುಟ್ಟುತ್ತವೆ. 110 ಮತ್ತು 165 ಹರ್ಟ್ಸ್ ಸ್ವರಗಳನ್ನು, ಎಂದರೆ ಷಡ್ಜ-ಪಂಚಮವನ್ನು, ತೆಗೆದುಕೊಳ್ಳಿ. ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದರೆ 55 ಮತ್ತು 220 ಸಿಗುತ್ತವೆ. ಎಲ್ಲವೂ 55ರ ಗುಣಕಗಳೇ. ದನಿ ಒಂದಾಗಿ ಮೊಳಗುತ್ತದೆ. ಈಗ ಪಂಚಮದ ಬದಲು 138.6 ಹರ್ಟ್ಸ್‌ನ ಗಾಂಧಾರವನ್ನು ಸೇರಿಸಿ. ಆಗ ಸಿಗುವುದು 81.4 ಮತ್ತು 167.2. ಇವು ಷಡ್ಜಕ್ಕೆ ಒಗ್ಗುವುದಿಲ್ಲ, ದನಿ ಕಲಸುಮೇಲೋಗರವಾಗುತ್ತದೆ. ರಾಕ್ ಸಂಗೀತದ ಗಿಟಾರ್ ವಾದಕರು ವಿರೂಪಗೊಳಿಸಿದ ದನಿಯಲ್ಲಿ ಷಡ್ಜ-ಪಂಚಮದ ಜೋಡಿಯನ್ನೇ ನೆಚ್ಚಿಕೊಂಡಿರುವುದಕ್ಕೆ ಈ ಸರಳ ಕಳೆಯುವ ಲೆಕ್ಕವೂ ಒಂದು ಕಾರಣ.

ಹಸಿರು ಪೆಟ್ಟಿಗೆಯ ಗುಣ

ಈಗ ಟ್ಯೂಬ್ ಸ್ಕ್ರೀಮರ್ ಒಳಗೆ ಇಣುಕೋಣ. ಅದರ ಹೃದಯ ಒಂದು ಆಪ್-ಆಂಪ್. ಅದರ ನಿರ್ಗಮದಿಂದ ಪ್ರವೇಶಕ್ಕೆ ಹಿಂದಿರುಗುವ ಫೀಡ್‌ಬ್ಯಾಕ್ ದಾರಿಯಲ್ಲಿ ಎರಡು ಸಿಲಿಕಾನ್ ಡಯೋಡುಗಳು ಎದುರುಬದುರಾಗಿ ಕೂತಿವೆ. ಅವುಗಳಿಗೆ ಸಮಾಂತರವಾಗಿ 51 ಕಿಲೋಓಮ್ ರೋಧಕ, ಅದರೊಂದಿಗೆ 500 ಕಿಲೋಓಮ್‌ವರೆಗೆ ಬದಲಿಸಬಹುದಾದ 'ಡ್ರೈವ್' ಗುಬುಟು, ಮತ್ತು 51 ಪಿಕೋಫ್ಯಾರಡ್ ಧಾರಕ. ನೆಲದ ಕಡೆಗೆ 4.7 ಕಿಲೋಓಮ್ ರೋಧಕ ಮತ್ತು 0.047 ಮೈಕ್ರೋಫ್ಯಾರಡ್ ಧಾರಕ. ಇಷ್ಟರಿಂದ ನಿಮ್ಮ ವಿದ್ಯಾರ್ಥಿಗಳೇ ಲೆಕ್ಕ ಮಾಡಬಹುದು. ಡ್ರೈವ್ ಪೂರ್ತಿ ತಿರುಗಿಸಿದಾಗ ವರ್ಧನೆ ಹೆಚ್ಚೆಂದರೆ 1 + 551/4.7, ಎಂದರೆ ಸುಮಾರು 118 ಪಟ್ಟು.

ಜಾಣತನ ಇರುವುದು ಮುಂದೆ. ನೆಲದ ಕಡೆಯ ರೋಧಕ-ಧಾರಕ ಜೋಡಿಯಿಂದಾಗಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಆವೃತ್ತಿಗಳಿಗೆ ವರ್ಧನೆ ಕಡಿಮೆಯಾಗುತ್ತ ಹೋಗುತ್ತದೆ. ಗಿಟಾರಿನ ಅತಿ ಮಂದ್ರ ತಂತಿಯ 82 ಹರ್ಟ್ಸ್‌ಗೆ ಅದು ಸುಮಾರು 14 ಪಟ್ಟು ಮಾತ್ರ. 1,000 ಹರ್ಟ್ಸ್‌ಗೆ 90 ಪಟ್ಟಿಗೂ ಹೆಚ್ಚು. ಮಂದ್ರ ಸ್ವರಗಳನ್ನು ಹೆಚ್ಚು ಕತ್ತರಿಸಿದರೆ ಬೆರೆತ ಆವೃತ್ತಿಗಳು ಹೆಚ್ಚಿ ದನಿ ರಾಡಿಯಾಗುತ್ತದೆ. ಈ ಮಂಡಲ ಅದನ್ನು ತಪ್ಪಿಸುತ್ತದೆ. ಡಯೋಡುಗಳನ್ನು ದಾಟಿದ ಮೇಲೆ ಇನ್ನೊಂದು ಸೋಸುವ ಜೋಡಿ ಕೀರಲು ತಾರಸ್ವರಗಳನ್ನು ತಗ್ಗಿಸುತ್ತದೆ. ಉಳಿಯುವುದು ಮಧ್ಯದ ಆವೃತ್ತಿಗಳ ದಿಬ್ಬ. ವಾದ್ಯಮೇಳದಲ್ಲಿ ಬಾಸ್ ಮತ್ತು ಡ್ರಮ್‌ಗಳ ನಡುವೆ ಗಿಟಾರ್ ಕೇಳಿಸಬೇಕಾದ ಜಾಗ ಅದೇ.

ಮತ್ತೂ ಒಂದು ಗುಣವಿದೆ. ಇಂಥ ಜೋಡಣೆಯಲ್ಲಿ ವರ್ಧನೆ 1ಕ್ಕಿಂತ ಕೆಳಗಿಳಿಯಲಾರದು. ಡಯೋಡುಗಳು ಪೂರ್ತಿ ಹರಿಯಬಿಟ್ಟಾಗಲೂ ಕತ್ತರಿಸಿದ ತರಂಗದ ಮೇಲೆ ಮೂಲ ತರಂಗ ಹಾಗೆಯೇ ಕೂಡಿಕೊಂಡಿರುತ್ತದೆ. ಆದ್ದರಿಂದ ತಂತಿಯನ್ನು ಮೆಲ್ಲಗೆ ಮೀಟಿದ್ದಕ್ಕೂ ಬಿರುಸಾಗಿ ಮೀಟಿದ್ದಕ್ಕೂ ಇರುವ ಅಂತರ ಪೂರ್ತಿ ಅಳಿಯುವುದಿಲ್ಲ. ವಾದಕರು 'ಈ ಪೆಡಲ್ ಬೆರಳಿನ ಮಾತು ಕೇಳುತ್ತದೆ' ಎನ್ನುವುದು ಬರಿಯ ಅಲಂಕಾರವಲ್ಲ.

ಮತ್ತು ದೋಷ

ಹೆಸರಿನಿಂದಲೇ ಶುರುಮಾಡಬೇಕು. 'ಟ್ಯೂಬ್' ಎಂದರೆ ನಿರ್ವಾತ ನಳಿಕೆ, ನಮ್ಮ ಹಳೆಯ ರೇಡಿಯೋಗಳ ವಾಲ್ವ್. ಈ ಪೆಟ್ಟಿಗೆಯಲ್ಲಿ ಒಂದೂ ವಾಲ್ವ್ ಇಲ್ಲ. ಒಂಟಿ ವಾಲ್ವ್ ತರಂಗವನ್ನು ಅಸಮನಾಗಿ ಕತ್ತರಿಸುತ್ತದೆ. ಟ್ಯೂಬ್ ಸ್ಕ್ರೀಮರ್ ಸಮನಾಗಿ. ಆದ್ದರಿಂದ ವಾಲ್ವಿನ ಅನುಕರಣೆ ಎಂದು ಅಳೆದರೆ ಇದು ಅಷ್ಟೇನೂ ಒಳ್ಳೆಯ ಅನುಕರಣೆಯಲ್ಲ. ಇದರ ನಿಜವಾದ ಬಲ ಕಾಣುವುದು ವಾಲ್ವ್ ಇರುವ ವರ್ಧಕವನ್ನು ಇದರಿಂದ ಇನ್ನಷ್ಟು ಜೋರಾಗಿ ತಳ್ಳಿದಾಗ. ಟ್ರಾನ್ಸಿಸ್ಟರಿನ ಸಣ್ಣ ವರ್ಧಕಕ್ಕೆ ಜೋಡಿಸಿ 'ಆ ದನಿ ಬರಲಿಲ್ಲ' ಎಂದು ಕೊರಗುವ ವಿದ್ಯಾರ್ಥಿ ಇದನ್ನು ತಿಳಿದಿರಬೇಕು.

ಎರಡನೆಯದು, ಡ್ರೈವ್ ಗುಬುಟನ್ನು ಸೊನ್ನೆಗೆ ತಂದರೂ ವರ್ಧನೆ 12 ಪಟ್ಟಿನಷ್ಟು ಉಳಿಯುತ್ತದೆ. ಜೋರಾಗಿ ಮೀಟಿದರೆ ಡಯೋಡುಗಳು ಆಗಲೂ ಕತ್ತರಿಸುತ್ತವೆ. ಪೂರ್ತಿ ಶುದ್ಧವಾದ ದನಿ ಇದರಿಂದ ಸಿಗದು. ಮೂರನೆಯದು, ಮಂದ್ರವನ್ನು ತಗ್ಗಿಸುವುದು ಮೇಳದಲ್ಲಿ ಗುಣವಾದರೂ ಒಬ್ಬಂಟಿಯಾಗಿ ನುಡಿಸುವವರಿಗೆ ಬಡಕಲೆನಿಸುತ್ತದೆ. ಒಳ್ಳೆಯ ನಾದ, ಕೆಟ್ಟ ನಾದ ಎಂಬುದು ಪೆಟ್ಟಿಗೆಯೊಳಗೆ ಇಲ್ಲ. ಅದನ್ನು ಎಲ್ಲಿ ಬಳಸುತ್ತೀರಿ ಎಂಬುದರಲ್ಲಿದೆ.

ಚಿಪ್‌ನ ಮಹಿಮೆ

ಈಗ ಮುಖ್ಯ ಪ್ರಶ್ನೆ. ನಾದ 4558ರಲ್ಲಿದೆಯೆ? ಚಿಪ್ ನಾದವನ್ನು ಬದಲಿಸಬೇಕಾದರೆ ಅದು ಎಲ್ಲಾದರೂ ತನ್ನ ಮಿತಿಯನ್ನು ಮುಟ್ಟಬೇಕು. ಮುಟ್ಟುತ್ತದೆಯೆ, ನೋಡೋಣ.

4558ರ ವರ್ಧನೆ ಮತ್ತು ಆವೃತ್ತಿಗಳ ಗುಣಲಬ್ಧ ಸುಮಾರು 30 ಲಕ್ಷ ಹರ್ಟ್ಸ್. 118 ಪಟ್ಟು ವರ್ಧಿಸುವಾಗಲೂ ಅದು ಸುಮಾರು 25,000 ಹರ್ಟ್ಸ್‌ವರೆಗೆ ಸೋಲುವುದಿಲ್ಲ. ಆದರೆ ಫೀಡ್‌ಬ್ಯಾಕ್ ದಾರಿಯ 51 ಪಿಕೋಫ್ಯಾರಡ್ ಧಾರಕ ಆಗ ಸುಮಾರು 5,700 ಹರ್ಟ್ಸ್‌ನಲ್ಲೇ ವರ್ಧನೆಯನ್ನು ತಗ್ಗಿಸಲು ಆರಂಭಿಸಿರುತ್ತದೆ. ಸ್ಪೀಕರು ಅದಕ್ಕೂ ಮೊದಲೇ ಕೈಚೆಲ್ಲಿರುತ್ತದೆ. ಇನ್ನು ವೇಗದ ಮಾತು. 4558ರ ನಿರ್ಗಮ ಒಂದು ಮೈಕ್ರೋಸೆಕೆಂಡಿನಲ್ಲಿ ಸುಮಾರು 1 ವೋಲ್ಟ್ ಏರಬಲ್ಲದು. 0.1 ವೋಲ್ಟಿನ 1,000 ಹರ್ಟ್ಸ್ ತರಂಗವನ್ನು 118 ಪಟ್ಟು ವರ್ಧಿಸಲು ಬೇಕಾದ ವೇಗ ಮೈಕ್ರೋಸೆಕೆಂಡಿಗೆ 0.074 ವೋಲ್ಟ್ ಮಾತ್ರ. ಹದಿಮೂರು ಪಟ್ಟು ಶಕ್ತಿ ಮಿಕ್ಕಿದೆ. ಚಿಪ್ ತಾನಾಗಿ ಉಂಟುಮಾಡುವ ವಿರೂಪ ಶೇಕಡಾ ಒಂದಕ್ಕಿಂತ ಬಹಳ ಕಡಿಮೆ. ಡಯೋಡುಗಳದ್ದೋ? ತರಂಗ ಚೌಕಾಕಾರವನ್ನು ಸಮೀಪಿಸಿದಾಗ ಮೂರನೆಯ ಉಪಸ್ವರವೊಂದೇ ಮೂಲಸ್ವರದ ಸುಮಾರು ಮೂರನೆಯ ಒಂದು ಪಾಲಿನಷ್ಟಾಗುತ್ತದೆ. ಜಾತ್ರೆಯ ಗದ್ದಲದಲ್ಲಿ ಪಿಸುಮಾತನ್ನು ಹುಡುಕಿದಂತೆ ಇದು.

ಟಿಎಸ್-808 ಮತ್ತು ಟಿಎಸ್-9ರ ನಡುವೆ ಪ್ರಸಿದ್ಧವಾದ ಇನ್ನೊಂದು ವ್ಯತ್ಯಾಸ ನಿರ್ಗಮದ ರೋಧಕಗಳದ್ದು. ಸಾಲಿನಲ್ಲಿರುವ ರೋಧಕ ಮೊದಲನೆಯದರಲ್ಲಿ 100 ಓಮ್, ಎರಡನೆಯದರಲ್ಲಿ 470 ಓಮ್. ಮುಂದಿರುವ ವರ್ಧಕದ ಪ್ರವೇಶ ರೋಧ ಸಾಮಾನ್ಯವಾಗಿ 10 ಲಕ್ಷ ಓಮ್. 370 ಓಮ್‌ಗಳ ಈ ವ್ಯತ್ಯಾಸದಿಂದ ಸಂಕೇತ ತಗ್ಗುವುದು ಶೇಕಡಾ 0.04ರಷ್ಟು. ಇದನ್ನು ಯಾವ ಕಿವಿಯೂ ಗುರುತಿಸಲಾರದು.

ಟೆಕ್ಸಾಸ್‌ನ ವಾದಕ ಸ್ಟೀವಿ ರೇ ವಾನ್ ಈ ಪೆಡಲಿಗೆ ಕೀರ್ತಿ ತಂದವರಲ್ಲಿ ಪ್ರಮುಖರು. 1990ರಲ್ಲಿ ತೀರಿಕೊಳ್ಳುವ ತನಕ ಅವರು ಬೇರೆ ಬೇರೆ ಕಾಲಗಳಲ್ಲಿ ಟಿಎಸ್-808, ಟಿಎಸ್-9, ಟಿಎಸ್-10 ಮೂರನ್ನೂ ಬಳಸಿದರು. ಅವರ ದನಿ ಅವರದಾಗಿಯೇ ಉಳಿಯಿತು. ದಪ್ಪ ತಂತಿಗಳು, ಬಿರುಸಾದ ಬೆರಳು, ಜೋರಾಗಿ ತೆರೆದಿಟ್ಟ ವಾಲ್ವ್ ವರ್ಧಕಗಳು ಅದರ ಹಿಂದಿದ್ದವು.

ಎಲ್ಲ ನಂಬಿಕೆಯೂ ಸುಳ್ಳಲ್ಲ

ಹಾಗಾದರೆ ಬಿಡಿಭಾಗಗಳ ಬಗೆಗಿನ ವಾದಕರ ಮಾತೆಲ್ಲ ಹುಸಿಯೆ? ಅವಸರ ಬೇಡ. ಲಂಡನ್ನಿನಲ್ಲಿ 1966ರಲ್ಲಿ ತಯಾರಾದ 'ಫಝ್ ಫೇಸ್' ಎಂಬ ದುಂಡು ಪೆಡಲನ್ನು ನೋಡಿ. ಜಿಮಿ ಹೆಂಡ್ರಿಕ್ಸ್ ಬಳಸಿದ್ದರಿಂದ ಅದು ಹೆಸರುವಾಸಿ. ಅದರಲ್ಲಿ ಇದ್ದುದು ಎರಡೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಆಮೇಲೆ ಸಿಲಿಕಾನ್ ಬಂತು. 'ಜರ್ಮೇನಿಯಂ ಪೆಡಲಿನ ದನಿ ಬಿಸಿಲಿಗೆ ಕೆಡುತ್ತದೆ' ಎಂದು ವಾದಕರು ಹೇಳುತ್ತಾರೆ. ಇದು ಅಪ್ಪಟ ನಿಜ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಸೋರಿಕೆ ವಿದ್ಯುತ್ತು ಉಷ್ಣತೆ ಸುಮಾರು 10 ಡಿಗ್ರಿ ಏರಿದಾಗ ಇಮ್ಮಡಿಯಾಗುತ್ತದೆ. ಅದರೊಂದಿಗೆ ಟ್ರಾನ್ಸಿಸ್ಟರ್ ಕೆಲಸ ಮಾಡುವ ಬಿಂದುವೂ ಸರಿದು ತರಂಗ ಕತ್ತರಿಸುವ ರೀತಿಯೇ ಬದಲಾಗುತ್ತದೆ.

'ಫಝ್ ಫೇಸ್ ಹಿಂದೆ ಬೇರೆ ಪೆಡಲ್ ಇಡಬೇಡ' ಎಂಬ ಮಾತೂ ನಿಜವೇ. ಅದರ ಪ್ರವೇಶ ರೋಧ ತೀರ ಕಡಿಮೆ, ಕೆಲವೇ ಕಿಲೋಓಮ್‌ಗಳಷ್ಟು. ಹೀಗಾಗಿ ಪಿಕಪ್ಪಿನ ಸುರುಳಿಯೂ ಗಿಟಾರಿನ ವಾಲ್ಯೂಮ್ ಗುಬುಟೂ ಆ ಮಂಡಲದ ಭಾಗವೇ ಆಗಿಬಿಡುತ್ತವೆ. ಗುಬುಟನ್ನು ಸ್ವಲ್ಪ ತಗ್ಗಿಸಿದರೆ ಒಡಕು ದನಿ ತಿಳಿಯಾಗುವುದು ಇದರಿಂದಲೇ. ನಡುವೆ ಟ್ಯೂಬ್ ಸ್ಕ್ರೀಮರ್ ಇಟ್ಟರೆ, ಅದನ್ನು ಒತ್ತದೆ ಸುಮ್ಮನಿಟ್ಟಿದ್ದರೂ, ಅದರೊಳಗಿನ ಟ್ರಾನ್ಸಿಸ್ಟರ್ ಈ ನಂಟನ್ನು ಕಡಿಯುತ್ತದೆ. ದನಿ ಬದಲಾಗುತ್ತದೆ.

ನೋಡಿ, ಎರಡೂ ಕಡೆ ವಾದಕರು 'ನನ್ನ ಕಿವಿಗೆ ಕೇಳಿಸಿತು' ಎಂದೇ ಹೇಳಿದರು. ಒಂದು ಲೆಕ್ಕಕ್ಕೆ ನಿಂತಿತು, ಇನ್ನೊಂದು ನಿಲ್ಲಲಿಲ್ಲ. ಕೇಳಿದವರ ಪ್ರಾಮಾಣಿಕತೆಯನ್ನಾಗಲಿ, ಖ್ಯಾತಿಯನ್ನಾಗಲಿ ನೋಡಿ ಇದನ್ನು ನಿರ್ಧರಿಸಲು ಆಗುತ್ತಿರಲಿಲ್ಲ.

ಕಿವಿಯನ್ನು ಪರೀಕ್ಷಿಸುವ ಬಗೆ

ಚಿಪ್ ಬದಲಿಸಿದಾಗ ವ್ಯತ್ಯಾಸ ಕೇಳಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹಳೆಯ ಪೆಡಲೊಂದು ಹೊಸದಕ್ಕಿಂತ ಬೇರೆಯಾಗಿ ಕೇಳಿಸುವುದೂ ಸಾಧ್ಯ. ಗುಬುಟುಗಳ ಬೆಲೆಯಲ್ಲಿ ಶೇಕಡಾ 20ರವರೆಗೆ ಏರುಪೇರು ಇರುತ್ತದೆ, ಧಾರಕಗಳಲ್ಲೂ ಏರುಪೇರು ಸಾಮಾನ್ಯ. ಜೊತೆಗೆ ಎರಡು ದನಿಗಳಲ್ಲಿ ಕೊಂಚ ಜೋರಾದದ್ದು ನಮಗೆ ಹೆಚ್ಚು ಸೊಗಸೆನಿಸುತ್ತದೆ. ಬೆಲೆಯೂ ಹೆಸರೂ ಮೊದಲೇ ತಿಳಿದಿದ್ದರೆ ಮನಸ್ಸು ಉಳಿದ ಕೆಲಸ ಮಾಡುತ್ತದೆ.

ಇದನ್ನು ನಿಮ್ಮ ಪ್ರಯೋಗಾಲಯದಲ್ಲೇ ಪರೀಕ್ಷಿಸಬಹುದು. 9 ವೋಲ್ಟ್ ಬ್ಯಾಟರಿ, ಎರಡು ಸಿಲಿಕಾನ್ ಡಯೋಡು, ಮೇಲೆ ಹೇಳಿದ ರೋಧಕ-ಧಾರಕಗಳು, ಎಂಟು ಕಾಲಿನ ಚಿಪ್ ಸಾಕೆಟ್ ಸಾಕು. 4558 ಮತ್ತು ಟಿಎಲ್072 ಎರಡರ ಕಾಲುಗಳ ಜೋಡಣೆ ಒಂದೇ ಆದ್ದರಿಂದ ಅದೇ ಸಾಕೆಟ್ಟಿನಲ್ಲಿ ಬದಲಿಸಬಹುದು. ಒಂದೇ ಗಿಟಾರ್ ತುಣುಕನ್ನು ಮುದ್ರಿಸಿಕೊಂಡು ಎರಡರ ಮೂಲಕವೂ ಹಾಯಿಸಿ ಮತ್ತೆ ಮುದ್ರಿಸಿ. ಎರಡರ ಗಟ್ಟಿತನವನ್ನು ಮೀಟರಿನಿಂದ ಅಳೆದು ಸಮಮಾಡಿ. ಅನಂತರ ಒಬ್ಬರು ನಾಣ್ಯ ಚಿಮ್ಮಿ ಕ್ರಮವನ್ನು ಬರೆದಿಡಲಿ. ಬೇರೊಬ್ಬರು, ಯಾವುದು ಏನೆಂದು ತಾವೂ ತಿಳಿಯದೆ, ಕೇಳಿಸಲಿ. ಕೇಳುವವರು ಹತ್ತು ಬಾರಿ ಗುರುತಿಸಲಿ.

ಬರಿಯ ಊಹೆಯಿಂದ ಹತ್ತರಲ್ಲಿ ಒಂಬತ್ತೋ ಹತ್ತೋ ಸರಿಯಾಗುವ ಸಂಭಾವ್ಯತೆ 1024ರಲ್ಲಿ 11, ಸುಮಾರು ಶೇಕಡಾ 1. ಎಂಟು ಅಥವಾ ಹೆಚ್ಚು ಸರಿಯಾಗುವ ಸಂಭಾವ್ಯತೆ 1024ರಲ್ಲಿ 56, ಶೇಕಡಾ 5ಕ್ಕೂ ಮೇಲೆ. ಆದ್ದರಿಂದ ಒಂಬತ್ತು ಸರಿಯಾದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳುವೆವೆಂದು ಮೊದಲೇ ಬರೆದಿಡಿ. ಯಾರಾದರೂ ಆ ಗಡಿ ದಾಟಿದರೆ ಮೇಲಿನ ನನ್ನ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಎಂದು ಶಂಕಿಸಿ ಮತ್ತೆ ಹುಡುಕಬೇಕು. ಅದೂ ಒಳ್ಳೆಯ ಪಾಠವೇ. ನಂತರ ಚಿಪ್ಪನ್ನು ಹಾಗೆಯೇ ಬಿಟ್ಟು ಸಿಲಿಕಾನ್ ಡಯೋಡುಗಳ ಬದಲು ಜರ್ಮೇನಿಯಂ ಡಯೋಡು ಹಾಕಿ ನೋಡಿ, ಇಲ್ಲವೆ 0.047 ಮೈಕ್ರೋಫ್ಯಾರಡ್ ಬದಲು 0.1 ಹಾಕಿ ನೋಡಿ. ನಾದವನ್ನು ಹಿಡಿದಿರುವ ಭಾಗ ಯಾವುದೆಂದು ತರಗತಿಗೆ ಆಗ ತಾನಾಗಿ ತಿಳಿಯುತ್ತದೆ.

ಟ್ಯೂಬ್ ಸ್ಕ್ರೀಮರ್ ಒಳ್ಳೆಯ ವಿನ್ಯಾಸ. ನಾಲ್ಕು ದಶಕಗಳು ದಾಟಿದರೂ ಜನ ಅದನ್ನು ಬಿಟ್ಟಿಲ್ಲವೆಂದರೆ ಅದಕ್ಕೆ ಕಾರಣ ಚಿಪ್ಪಿನ ಮೇಲಿನ ಮುದ್ರೆಯಲ್ಲ. ಯಾವ ಆವೃತ್ತಿಯನ್ನು ಎಷ್ಟು ಕತ್ತರಿಸಬೇಕೆಂದು ತಮುರಾ ಆರಿಸಿಕೊಂಡ ಕೆಲವು ಅಗ್ಗದ ರೋಧಕ, ಧಾರಕ, ಡಯೋಡುಗಳು. ಚಿಪ್ಪಿಗೆ ಕೀರ್ತಿ ಕೊಟ್ಟರೆ ವಿನ್ಯಾಸಕನಿಗೆ ಸಲ್ಲಬೇಕಾದದ್ದು ತಪ್ಪಿಹೋಗುತ್ತದೆ. ನಿಮ್ಮ ಬಳಿ ಬಂದ ಆ ವಿದ್ಯಾರ್ಥಿಗೆ ಇಷ್ಟು ಹೇಳಿ: ಹಳೆಯ ಪೆಡಲಿಗಾಗಿ ಸಾಲ ಮಾಡುವುದು ಬೇಡ, ಮಂಡಲವನ್ನು ತಾನೇ ಕಟ್ಟಿ ನೋಡಲಿ, ಕೇಬಲ್ ಗಿಡ್ಡದು ಬಳಸಲಿ, ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೆ ಹಾಕಲಿ. ಮತ್ತೆ ದಿನಾ ಒಂದು ಗಂಟೆ ಸಾಧನೆ ಮಾಡಲಿ. ಸರಪಳಿಯ ಮೊದಲ ಕೊಂಡಿ ಅವನ ಬೆರಳೇ.